ಕೃಪೆಯ ಮಾತು, ಹಂಚಿನ ಕಾರ್ಖಾನೆ

1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನರಿಗಳು ಮಂಗಳೂರಿಗೆ ಬಂದರು. ಅವರು ತಂದ ಬೋಧನೆಯ ತಿರುಳು, 1517ರಲ್ಲಿ ಪಾಪಕ್ಷಮೆಯ ಪತ್ರಗಳ ಮಾರಾಟವನ್ನು ಪ್ರಶ್ನಿಸಿದ ಮಾರ್ಟಿನ್ ಲೂಥರನದು. ಮನುಷ್ಯ ಸತ್ಕರ್ಮಗಳಿಂದ ರಕ್ಷಣೆಯನ್ನು ಗಳಿಸಲಾರ. ಅದು ದೇವರು ಉಚಿತವಾಗಿ ಕೊಡುವುದು, ನಂಬಿಕೆಯಿಂದ ಪಡೆಯುವುದು.

ದಿನವಿಡೀ ಲೆಡ್ಜರಿನಲ್ಲಿ ಜಮೆ-ಖರ್ಚು ಬರೆಯುವ ನನ್ನಂಥವನಿಗೆ ಈ ಮಾತು ಸುಲಭವಾಗಿ ಇಳಿಯುವುದಿಲ್ಲ. ಆದರೆ ಕರಾವಳಿಯ ಕಿವಿಗೆ ಅದು ತೀರ ಹೊಸದೂ ಅಲ್ಲ. ಹರಿಯ ಪ್ರಸಾದವಿಲ್ಲದೆ ಮೋಕ್ಷವಿಲ್ಲವೆಂದು ಮಧ್ವಾಚಾರ್ಯರು ಶತಮಾನಗಳ ಹಿಂದೆಯೇ ಹೇಳಿದ್ದರು. ಅನುವಾದಕರಿಗೆ ಪದ ಸಿದ್ಧವಾಗಿಯೇ ಇತ್ತು: ಕನ್ನಡದಲ್ಲಿ 'ಕೃಪೆ', ಮಲಯಾಳದಲ್ಲಿ 'ಕೃಪ'. ಮುಂದಿನ ಪದದಲ್ಲಿ ಮಾತ್ರ ದಾರಿ ಕವಲೊಡೆಯಿತು. ನಾವು 'ನಂಬಿಕೆ' ಎಂದೆವು, ನೆರೆಯವರು 'ವಿಶ್ವಾಸ' ಎಂದರು.

ಉಚಿತವೆಂದ ಆ ಕೃಪೆಗೆ ಇಲ್ಲಿ ಬೆಲೆ ತೆತ್ತವರೂ ಇದ್ದರು. 1844ರ ಜನವರಿಯಲ್ಲಿ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಮಂಗಳೂರು ಕೆರಳಿತು. ಮನೆ, ಜಾತಿ ಎರಡೂ ಹೋದವು. ಅವರೇನೋ ಬಾಸೆಲಿನಲ್ಲಿ ಓದಿ ಪಾದ್ರಿಯಾಗಿ ಮರಳಿದರು. ಬಡವರಿಗೆ ಆ ದಾರಿಯಿರಲಿಲ್ಲ. ಜಾತಿಯೊಡನೆ ಅವರ ಕಸುಬೂ ಹೋಗಿತ್ತು. ಅಂಥವರಿಗಾಗಿ ಮಿಶನ್ ಮಗ್ಗಗಳನ್ನು ಹಾಕಿತು, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಕಣ್ಣೂರಿನಲ್ಲಿ ನೇಯ್ಗೆ ಬೆಳೆಯಿತು.

ರಕ್ಷಣೆಗೆ ದುಡಿಮೆಯ ಬೆಲೆಯಿಲ್ಲವೆಂದವರೇ ದುಡಿಮೆಯ ಶಿಸ್ತನ್ನು ಬಿಗಿಯಾಗಿ ಕಲಿಸಿದರು. ಇದು ಇಬ್ಬಂದಿಯೆಂದು ನನಗನಿಸುವುದಿಲ್ಲ; ಅವರ ಎಣಿಕೆಯಲ್ಲಿ ದುಡಿಮೆ ಕೃಪೆಗೆ ತೆರುವ ಹಣವಲ್ಲ, ಕೃಪೆ ದೊರೆತವನ ನಡತೆ. ಆದರೂ ಕೂಲಿಯೂ ಸಭೆಯೂ ಒಂದೇ ಕೈಯಲ್ಲಿದ್ದಾಗ ನಂಬಿಕೆ ಎಷ್ಟು, ಅನ್ನದ ಆಸರೆ ಎಷ್ಟು ಎಂದು ಬೇರ್ಪಡಿಸಿ ನೋಡುವುದು ಹೇಗೆ?

ಮೊದಲ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿ, ಬಳಿಕ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಸಭೆಗಳು ಉಳಿದವು.