ತುಂಗಭದ್ರೆಯ ಪಸುಗೆ

ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸಂಗಮಿಸಿ ಒಂದಾದ ಹೊಳೆಯು ಮಲೆನಾಡಿನ ಮಳೆಯನ್ನು ಹೊತ್ತು, ಆ ಮಳೆಯ ಅಲ್ಪಾಂಶವನ್ನೂ ಕಾಣದ ಬಳ್ಳಾರಿ ರಾಯಚೂರು ಸೀಮೆಗಳನ್ನು ಹಾದು, ಕರ್ನೂಲಿನ ಆಚೆ ಸಂಗಮೇಶ್ವರದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನೀರು ಹುಟ್ಟುವ ನೆಲವೊಂದು, ನೀರಿಗಾಗಿ ಬಾಯಾರಿದ ನೆಲ ಮತ್ತೊಂದು ಆಗಿರುವುದರಿಂದ, ಈ ನದಿಯ ಚರಿತ್ರೆಯೆಂಬುದು ಬಹುಮಟ್ಟಿಗೆ ಅದನ್ನು ಹಂಚಿಕೊಳ್ಳಬೇಕಾಗಿ ಬಂದವರ ಚರಿತ್ರೆಯೇ ಆಗಿದೆ.

ವಿಜಯನಗರದ ಅರಸರಿಗೆ ಹಂಚಿಕೆಯ ಕ್ಲೇಶ ಅಷ್ಟಾಗಿ ಇರಲಿಲ್ಲ. ಎರಡು ದಡಗಳೂ ಏಕಚ್ಛತ್ರದ ಅಡಿಯಲ್ಲಿದ್ದುವು. ಅವರ ಕಾಲದ ಕುಶಲಿಗಳು ನದಿಯ ಪಾತ್ರದಲ್ಲಿದ್ದ ಬಂಡೆಗಳನ್ನೇ ಆಧಾರವಾಗಿಟ್ಟುಕೊಂಡು, ಬಂಡೆಯಿಂದ ಬಂಡೆಗೆ ಕಲ್ಲಿನ ಒಡ್ಡುಗಳನ್ನು ಕಟ್ಟಿ, ರಾಯ, ಬಸವಣ್ಣ, ಬೆಲ್ಲ, ತುರ್ತು, ರಾಮಸಾಗರ, ಕಂಪ್ಲಿ, ಸಿರುಗುಪ್ಪ ಮೊದಲಾದ ಕಾಲುವೆಗಳನ್ನು ತೆಗೆದರು. ಆ ಒಡ್ಡುಗಳು ಹೊಳೆಯನ್ನು ಪೂರ್ಣವಾಗಿ ತಡೆಯತಕ್ಕವುಗಳಲ್ಲ. ಬೇಕಾದಷ್ಟನ್ನು ಮಗ್ಗುಲಿಗೆ ತಿರುಗಿಸಿ, ಮಿಕ್ಕ ನೀರನ್ನೂ ಅದರೊಡನೆ ಬಂದ ಹೂಳನ್ನೂ ತಲೆಯ ಮೇಲಿನಿಂದ ಹರಿಯಗೊಡುವಂಥವು. ಸಾಮ್ರಾಜ್ಯವಳಿದರೂ ಆ ಕಾಲುವೆಗಳ ಕೆಳಗೆ ಇಂದಿಗೂ ಭತ್ತವೂ ಕಬ್ಬೂ ಬಾಳೆಯೂ ಬೆಳೆಯುತ್ತಿರುವುದಕ್ಕೆ ಈ ಮಿತವಾದ ಆಕಾಂಕ್ಷೆಯೂ ಒಂದು ಕಾರಣ.

1800ರಲ್ಲಿ ಬಳ್ಳಾರಿ ಸೀಮೆಯನ್ನು ನಿಜಾಮನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ ಮೇಲೆ, ನಾಡಿನ ನಡುವೆ ಹರಿಯುತ್ತಿದ್ದ ನದಿ ಎರಡು ಪ್ರಭುತ್ವಗಳ ಎಲ್ಲೆಯಾಯಿತು: ಬಲದಡ ಮದರಾಸಿನದು, ಎಡದಡ ಹೈದರಾಬಾದಿನದು, ಮೇಲಣ ಕೊಳ್ಳಗಳು ಮೈಸೂರಿನವು. 1860ರಲ್ಲಿಯೇ ಸರ್ ಆರ್ಥರ್ ಕಾಟನ್ನರು ಇಲ್ಲೊಂದು ಮಹಾ ಜಲಾಶಯವನ್ನು ಕಲ್ಪಿಸಿದ್ದರು. ತರುವಾಯ ಬಂದ ಧಾತು ಈಶ್ವರ ಸಂವತ್ಸರಗಳ ಘೋರ ಕ್ಷಾಮವು ಬಳ್ಳಾರಿಯ ಊರೂರುಗಳನ್ನೇ ಬರಿದುಮಾಡಿ, ಅಂಥ ಜಲಾಶಯದ ಅಗತ್ಯವನ್ನು ಯಾವ ವಾದಕ್ಕಿಂತಲೂ ಪ್ರಬಲವಾಗಿ ಸಾರಿತು. ಆದರೆ ಮೂರು ಸರ್ಕಾರಗಳ ಒಪ್ಪಿಗೆಯಿಲ್ಲದೆ ಒಂದು ಕಲ್ಲನ್ನೂ ಇಡುವಂತಿರಲಿಲ್ಲ. ಮದರಾಸಿನ ಅನುಮತಿಯಿಲ್ಲದೆ ಮೈಸೂರು ಹೊಸ ನೀರಾವರಿ ಕಾರ್ಯಗಳನ್ನು ಕೈಗೊಳ್ಳಬಾರದೆಂದು 1892ರ ಒಪ್ಪಂದವು ವಿಧಿಸಿದ ನದಿಗಳಲ್ಲಿ ಕಾವೇರಿಯಂತೆ ತುಂಗಭದ್ರೆಯೂ ಸೇರಿದ್ದಿತು. ಪತ್ರವ್ಯವಹಾರದಲ್ಲಿಯೇ ದಶಕಗಳು ಸಂದು, ಕಡೆಗೆ 1944ರಲ್ಲಿ ಮದರಾಸು ಮತ್ತು ಹೈದರಾಬಾದು ತಲಾ 65 ಟಿಎಂಸಿ ನೀರನ್ನು ಪಡೆಯತಕ್ಕದ್ದೆಂಬ ಒಡಂಬಡಿಕೆ ಏರ್ಪಟ್ಟಿತು.

1945ರ ಫೆಬ್ರವರಿ 28ರಂದು ಎಡದಡದಲ್ಲಿ ಹೈದರಾಬಾದಿನ ಪರವಾಗಿ ಬೀರಾರಿನ ರಾಜಕುಮಾರರೂ ಬಲದಡದಲ್ಲಿ ಮದರಾಸಿನ ಗವರ್ನರರೂ ಜಲಾಶಯದ ಕಟ್ಟೆಗೆ ಶಂಕುಸ್ಥಾಪನೆ ಮಾಡಿದರು. ಒಂದೇ ಕಟ್ಟೆಗೆ ಎರಡು ಶಂಕುಸ್ಥಾಪನೆಗಳಾದದ್ದು ಆ ಸಹಕಾರದ ಸ್ವರೂಪವನ್ನು ತಾನೇ ತಿಳಿಸುತ್ತದೆ: ನಂಬಿಕೆ ಪೂರ್ಣವಾಗಿರಲಿಲ್ಲ, ಅಗತ್ಯ ಮಾತ್ರ ಪೂರ್ಣವಾಗಿದ್ದಿತು. ಸುರ್ಕಿ ಗಾರೆಯಲ್ಲಿ ಕಲ್ಲು ಕಟ್ಟುತ್ತ ಎರಡು ಕಡೆಯ ಇಂಜಿನಿಯರುಗಳು ನದಿಯ ನಡುವೆ ಸಂಧಿಸಿದರು. ಸುಮಾರು 90 ಗ್ರಾಮಗಳು ಮುಳುಗಿದುವು. ಹಂಚಿಕೆಯ ಲೆಕ್ಕದಲ್ಲಿ ಆ ಗ್ರಾಮಸ್ಥರಿಗೆ ಪಾಲೆಂಬುದು ಇರಲಿಲ್ಲ.

ಕಟ್ಟೆ ಮುಗಿಯುವ ಹೊತ್ತಿಗೆ, ಅದನ್ನು ಕಟ್ಟಿಸಿದ ರಾಜ್ಯಗಳೇ ರೂಪಾಂತರಗೊಳ್ಳತೊಡಗಿದ್ದುವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿ, ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು ಆಂಧ್ರಕ್ಕೂ ಮೈಸೂರಿಗೂ ಹಂಚಿಹೋದುವು; 1956ರಲ್ಲಿ ರಾಯಚೂರು ಸೀಮೆ ಮೈಸೂರನ್ನು ಸೇರಿತು. ಒಡಂಬಡಿಕೆಗೆ ಸಹಿ ಹಾಕಿದವರು ಮರೆಯಾದರೂ ನೀರಿನ ಹಕ್ಕು ಮರೆಯಾಗದಂತೆ ನೋಡಿಕೊಂಡದ್ದು ಆಂಧ್ರ ರಾಜ್ಯ ಶಾಸನದ ಬಲದಿಂದ ಹುಟ್ಟಿದ ತುಂಗಭದ್ರಾ ಮಂಡಳಿ. ತರುವಾಯ ಕೃಷ್ಣಾ ಜಲವಿವಾದದ ಬಚಾವತ್ ನ್ಯಾಯಮಂಡಳಿಯು ಆವಿಯಾಗುವ ನೀರೂ ಸೇರಿದಂತೆ 230 ಟಿಎಂಸಿಯನ್ನು ಈ ಯೋಜನೆಗೆ ಗೊತ್ತುಪಡಿಸಿತು. ಬಳಕೆಗೊದಗುವ 212 ಟಿಎಂಸಿಯಲ್ಲಿ ಇಂದು ಕರ್ನಾಟಕಕ್ಕೆ 138.99, ಆಂಧ್ರಕ್ಕೆ 66.50, ತೆಲಂಗಾಣಕ್ಕೆ 6.51 ಸಲ್ಲುತ್ತವೆ. ಆದರೆ ತುಂಗಭದ್ರಾ ಮಂಡಳಿಯ ಹಿರಿಮೆ ಈ ಅಂಕಿಗಳಲ್ಲಿಲ್ಲ. ಪ್ರತಿವರ್ಷವೂ ಬರಬಹುದಾದ ನೀರನ್ನು ಅಂದಾಜುಮಾಡಿ, ಮಳೆ ನಡೆದಂತೆ ಆ ಅಂದಾಜನ್ನು ತಿದ್ದಿ, ಕೊರತೆಯಾದರೆ ಆ ಕೊರತೆಯನ್ನೂ ಅದೇ ಪ್ರಮಾಣದಲ್ಲಿ ಎಲ್ಲರಿಗೂ ಹಂಚುವ ಅದರ ಪದ್ಧತಿಯಲ್ಲಿದೆ. ಸಮೃದ್ಧಿಯ ಪಾಲು ಕೋರ್ಟಿನ ತೀರ್ಪಿನಿಂದಲೂ ಆಗಬಹುದು. ಅಭಾವದ ಪಾಲಾದರೋ ವರ್ಷವರ್ಷವೂ ಎದುರುಬದುರು ಕುಳಿತು ಮಾಡಿಕೊಳ್ಳಬೇಕಾದದ್ದು. ಕಾವೇರಿಯ ವ್ಯಾಜ್ಯವು ಹೆಚ್ಚಾಗಿ ಮಳೆ ಕೈಕೊಟ್ಟ ವರ್ಷಗಳಲ್ಲಿ ಬೀದಿಗೆ ಬಂದುದನ್ನು ನೆನೆದರೆ ಈ ಭೇದದ ಬೆಲೆ ತಿಳಿದೀತು.

ಇಷ್ಟಾದರೂ ಒಡಂಬಡಿಕೆಯ ಕಣ್ಣಿಗೆ ಬೀಳದೆ ಹೋದ ಸಂಗತಿಗಳು ಇಲ್ಲದಿಲ್ಲ. ಆದಿಯಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯವು ಹೂಳು ತುಂಬಿ ಈಗ 105.788 ಟಿಎಂಸಿಗೆ ಕುಗ್ಗಿದೆ. ನೀರಿಗೆ ಪಾಲುದಾರರಾದ ರಾಜ್ಯಗಳಲ್ಲಿ ಹೂಳಿಗೆ ಹೊಣೆಯಾಗತಕ್ಕವರು ಯಾರೆಂಬುದನ್ನು ಯಾವ ಕರಾರೂ ಹೇಳಿರಲಿಲ್ಲ. ಬರವನ್ನು ತಡೆಯಲೆಂದು ಜೋಳ ಹತ್ತಿಗಳಿಗೆ ಗೊತ್ತುಮಾಡಿದ ನೀರನ್ನು ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತವು ಹೀರಿಕೊಳ್ಳಲಾಗಿ, ರಾಯಚೂರು ಮಾನ್ವಿಗಳ ಕೊನೆಭಾಗದ ರೈತರು ನೀರಿಗಾಗಿ ಹೋರಾಡುವಂತಾಯಿತು. ರಾಜ್ಯಗಳ ನಡುವೆ ಸಾಧಿಸಿದ ನ್ಯಾಯವನ್ನು ಒಂದೇ ಕಾಲುವೆಯ ಎರಡು ತುದಿಗಳ ನಡುವೆ ಸಾಧಿಸಲಾಗಲಿಲ್ಲ.

2024ರ ಆಗಸ್ಟಿನಲ್ಲಿ, 33 ಕ್ರಸ್ಟ್‌ಗೇಟುಗಳಲ್ಲಿ 19ನೆಯದರ ಸರಪಣಿ ತುಂಡಾಗಿ ತುಂಬಿದ ಜಲಾಶಯದ ನೀರು ಹೊರಹರಿದಾಗ, ಮೂರು ರಾಜ್ಯಗಳ ಬೆಳೆಯೂ ಹಳೆಯದೊಂದು ಸರಪಣಿಯನ್ನು ನೆಚ್ಚಿಕೊಂಡಿದ್ದುದು ಎಲ್ಲರಿಗೂ ತಿಳಿಯಿತು. ಮಳೆಯ ದಿನಗಳು ಕಡಮೆಯಾಗಿ, ಬಂದಾಗ ಒಮ್ಮೆಲೇ ಹೊಯ್ಯುವ ಕಾಲ ಬರುತ್ತಿರುವಲ್ಲಿ, ಇಷ್ಟು ಟಿಎಂಸಿ ನಿನಗೆ, ಇಷ್ಟು ನನಗೆ ಎಂಬ ಬರವಣಿಗೆಯೊಂದೇ ಸಾಲದು. ಕೊರತೆಯನ್ನು ಸಮಪ್ರಮಾಣದಲ್ಲಿ ಹೊರುವುದನ್ನು ಕಲಿತ ರಾಜ್ಯಗಳು, ಹೂಳೆತ್ತುವ ವೆಚ್ಚವನ್ನೂ, ಕಟ್ಟೆಯ ದುರಸ್ತಿಯನ್ನೂ, ಹೊಳೆಯ ತಲೆಯಲ್ಲಿರುವ ಕಾಡಿನ ರಕ್ಷಣೆಯನ್ನೂ ಅದೇ ಪ್ರಮಾಣದಲ್ಲಿ ಹೊರುವುದಾದರೆ, 1944ರ ಒಡಂಬಡಿಕೆ ಪೂರ್ಣವಾದೀತು.