ಬಣ್ಣ, ಧೂಳು ಮತ್ತು ಸ್ಥಿರ ವಿದ್ಯುತ್ತು

ಹೊಸದಾಗಿ ಬಣ್ಣ ಹೊಡೆದ ಬಂಪರನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕೆಲವೊಮ್ಮೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕಾಣುತ್ತವೆ. ಬೆರಳಾಡಿಸಿದರೆ ತರಿತರಿ. ಕ್ಲಿಯರ್ ಕೋಟ್ ಒಣಗುವ ಮೊದಲೇ ಬಂದು ಕೂತ ಧೂಳು ಅಥವಾ ಬಟ್ಟೆಯ ಎಳೆ ಅದು. ಗುಡಿಸಿ ಒರೆಸಿದ ಕೋಣೆಯಲ್ಲೂ ಧೂಳು ಅಲ್ಲಿಗೇ ಬಂದು ಅಂಟುವುದಕ್ಕೆ ಮುಖ್ಯ ಕಾರಣ ಸ್ಥಿರ ವಿದ್ಯುತ್ತು. ವಾಹನಗಳಿಗೆ ಬಣ್ಣ ಹೊಡೆಯುವ ಕಸುಬಿನಲ್ಲಿ ಈ ಶಕ್ತಿ ಕೆಲಸ ಕೆಡಿಸಿದೆ, ಕೆಲಸಕ್ಕೆ ಒದಗಿಯೂ ಬಂದಿದೆ, ಬೆಂಕಿಯನ್ನೂ ಹಚ್ಚಿದೆ. ಅದನ್ನು ಹತೋಟಿಗೆ ತರಲು ಕಂಡುಕೊಂಡ ಉಪಾಯಗಳ ತಿರುಳು ಮಾತ್ರ ಒಂದೇ: ವಿದ್ಯುದಾವೇಶ ಹರಿದುಹೋಗಲು ದಾರಿ ಮಾಡಿಕೊಡುವುದು.

ಕುಂಚದಿಂದ ಗನ್ನಿಗೆ

ಎರಡು ವಸ್ತುಗಳು ತಾಗಿ ಬೇರ್ಪಟ್ಟಾಗ ಒಂದರ ಎಲೆಕ್ಟ್ರಾನುಗಳು ಇನ್ನೊಂದಕ್ಕೆ ದಾಟುತ್ತವೆ. ಯಾವುದನ್ನು ಯಾವುದರಿಂದ ಉಜ್ಜಿದರೆ ಯಾವ ಆವೇಶ ಬರುತ್ತದೆಂಬ ಪಟ್ಟಿಯನ್ನು ಯೊಹಾನ್ ಕಾರ್ಲ್ ವಿಲ್ಕೆ 1757ರಲ್ಲೇ ಪ್ರಕಟಿಸಿದ್ದರು. ಬಣ್ಣದ ಕಸುಬಿಗೆ ಇದು ಮುಖ್ಯವಾದದ್ದು ಬಹಳ ತಡವಾಗಿ. ಮೊದಮೊದಲ ಕಾರುಗಳಿಗೆ ಎಣ್ಣೆ ವಾರ್ನಿಷನ್ನು ಕುಂಚದಿಂದ ಬಳಿಯುತ್ತಿದ್ದರು. ಪದರಗಳು ಒಣಗಿ ಮುಗಿಯಲು ವಾರಗಟ್ಟಲೆ ಬೇಕಾಗುತ್ತಿತ್ತು. 1920ರ ದಶಕದಲ್ಲಿ ಡುಪಾಂಟ್ ಕಂಪನಿಯ ಡ್ಯೂಕೋ ಲ್ಯಾಕರ್ ಬಂತು. ಜನರಲ್ ಮೋಟಾರ್ಸ್ ಅದನ್ನು ತನ್ನ 1924ರ ಓಕ್‌ಲ್ಯಾಂಡ್ ಕಾರಿಗೆ ಬಳಸಿತು. ಸ್ಪ್ರೇ ಗನ್ ಜೊತೆ ಸೇರಿ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಆದರೆ ಗನ್ನಿನಿಂದ ಹೊರಟ ಬಣ್ಣದಲ್ಲಿ ಬಹುಪಾಲು ಗುರಿ ಮುಟ್ಟದೆ ಹಾರಿಹೋಗುತ್ತಿತ್ತು, ಕೋಣೆಯ ತುಂಬ ಥಿನ್ನರಿನ ಆವಿ ನಿಲ್ಲುತ್ತಿತ್ತು.

ದುಡಿಸಿಕೊಂಡ ಕಾಲ

ಈ ನಷ್ಟ ತಗ್ಗಿಸಲು ಇಂಡಿಯಾನಾಪೊಲಿಸ್‌ನ ಹೆರಾಲ್ಡ್ ರ್ಯಾನ್ಸ್‌ಬರ್ಗ್ ಸ್ಥಿರ ವಿದ್ಯುತ್ತನ್ನೇ ಕೆಲಸಕ್ಕೆ ಹಚ್ಚಿದರು. 1940ರ ದಶಕದಲ್ಲಿ ಬಳಕೆಗೆ ಬಂದ ಅವರ ವಿಧಾನದಲ್ಲಿ ಬಣ್ಣದ ಹನಿಗಳಿಗೆ ಆವೇಶ ಕೊಟ್ಟು, ಬಣ್ಣ ಹಚ್ಚಬೇಕಾದ ಲೋಹದ ವಸ್ತುವಿಗೆ ಭೂಸಂಪರ್ಕ ಕೊಡುತ್ತಿದ್ದರು. ಒಂದೇ ಬಗೆಯ ಆವೇಶದ ಹನಿಗಳು ಪರಸ್ಪರ ದೂರ ಸರಿದು ಹರಡುತ್ತವೆ, ಲೋಹದ ಕಡೆಗೆ ಸೆಳೆಯಲ್ಪಡುತ್ತವೆ, ಅಂಚು ದಾಟಿ ಹಿಂಬದಿಗೂ ಹೋಗಿ ಕೂರುತ್ತವೆ. ಮುಂದೆ ವೇಗವಾಗಿ ತಿರುಗುವ ಲೋಹದ ಬಟ್ಟಲೇ ಬಣ್ಣವನ್ನು ಹನಿಯಾಗಿ ಒಡೆಯತೊಡಗಿತು. ಇಂದಿನ ರೋಬೋಟುಗಳ ತುದಿಯಲ್ಲಿ ಅಂಥ ಬಟ್ಟಲುಗಳು ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುತ್ತವೆ. 60,000ದಿಂದ 90,000 ವೋಲ್ಟ್ ಒತ್ತಡ ಸಾಮಾನ್ಯ.

ಆದರೂ ಮಿತಿಗಳು ಉಳಿದವು. ಕಿರಿದಾದ ಮೂಲೆ, ತಗ್ಗುಗಳೊಳಗೆ ವಿದ್ಯುತ್ ಕ್ಷೇತ್ರ ಇಳಿಯದ್ದರಿಂದ ಅಲ್ಲಿ ಬಣ್ಣ ತೆಳುವಾಗುತ್ತದೆ. ಮೆಟಾಲಿಕ್ ಬಣ್ಣದ ಅಲ್ಯೂಮಿನಿಯಂ ಚೂರುಗಳು ಕೂರುವ ರೀತಿ ಬದಲಾಗಿ ಛಾಯೆ ವ್ಯತ್ಯಾಸವಾಗುತ್ತದೆ. ನೀರು ಆಧಾರಿತ ಬಣ್ಣಗಳು ಬಂದಾಗ ಇನ್ನೊಂದು ತೊಡಕು: ಅವು ವಾಹಕಗಳಾದ್ದರಿಂದ ವಿದ್ಯುತ್ ಒತ್ತಡ ಬಣ್ಣದ ಕೊಳವೆಯ ಮೂಲಕವೇ ನೆಲಕ್ಕೆ ಸೋರಿಹೋಗುತ್ತಿತ್ತು. ಹೀಗಾಗಿ ಬಟ್ಟಲಿನ ಹೊರಗೆ ಸುತ್ತಲೂ ಸೂಜಿಗಳನ್ನಿಟ್ಟು, ಹಾರುವ ಹನಿಗೆ ಆವೇಶ ಕೊಡುವ ಪದ್ಧತಿ ಬೆಳೆಯಿತು.

ಪ್ಲಾಸ್ಟಿಕ್ ತಂದ ಸವಾಲು

ಉಕ್ಕಿನ ಬಾಡಿಗೆ ತಂತಿ ಕಟ್ಟಿದರೆ ಆವೇಶ ಇಳಿಯುತ್ತದೆ. ಆದರೆ 1968ರ ಪಾಂಟಿಯಾಕ್ ಜಿಟಿಓ ಕಾರಿನಲ್ಲಿ ಬಾಡಿಯದೇ ಬಣ್ಣದ ಮೆತ್ತನೆಯ ಬಂಪರ್ ಬಂತು. ಮುಂದಿನ ದಶಕಗಳಲ್ಲಿ ಪ್ಲಾಸ್ಟಿಕ್ ಬಂಪರು ಎಲ್ಲೆಡೆ ಹಬ್ಬಿತು. ಪ್ಲಾಸ್ಟಿಕ್ ಅವಾಹಕ, ತಂತಿ ಕಟ್ಟಿ ಪ್ರಯೋಜನವಿಲ್ಲ. ಒಣಬಟ್ಟೆಯಲ್ಲಿ ಒರೆಸಿದಷ್ಟೂ ಸಾವಿರಾರು ವೋಲ್ಟ್ ಏರಿ, ಈಗಷ್ಟೇ ತೆಗೆದ ಧೂಳು ಮರಳಿ ಅಂಟುತ್ತದೆ. ಇದಕ್ಕೆ ಎರಡು ಪರಿಹಾರ ಬಂದವು. ಒಂದು, ಕಾರ್ಬನ್ ಬೆರೆಸಿದ ವಾಹಕ ಪ್ರೈಮರ್. ಇನ್ನೊಂದು, ಚೂಪಾದ ಸೂಜಿಗಳಿಗೆ ಅಧಿಕ ಒತ್ತಡ ಕೊಟ್ಟು ಗಾಳಿಯನ್ನು ಅಯಾನೀಕರಿಸಿ, ಧನ–ಋಣ ಅಯಾನುಗಳಿಂದ ಮೇಲ್ಮೈಯ ಆವೇಶ ತಟಸ್ಥಗೊಳಿಸುವುದು. ಕಾರ್ಖಾನೆಗಳಲ್ಲಿ ಉಷ್ಟ್ರಪಕ್ಷಿಯ ಗರಿ ಜೋಡಿಸಿದ ದೊಡ್ಡ ರೋಲರುಗಳು ಬಾಡಿಯ ಮೇಲೆ ತಿರುಗಿ ಧೂಳು ಎತ್ತುತ್ತವೆ. ಅವುಗಳ ಜೊತೆಯಲ್ಲೂ ಅಯಾನೀಕರಿಸಿದ ಗಾಳಿ ಬೀಸಲಾಗುತ್ತದೆ.

ವಿದ್ಯುತ್ ಬೇಡದೆ, ವಿಕಿರಣದಿಂದಲೇ ಗಾಳಿಯನ್ನು ಅಯಾನೀಕರಿಸುವ ಪೊಲೋನಿಯಂ-210 ಉಪಕರಣಗಳೂ ಬಂದವು. ಅದರ ಅರ್ಧಾಯುಷ್ಯ 138 ದಿನ, ಆದ್ದರಿಂದ ವರ್ಷಕ್ಕೊಮ್ಮೆ ಬದಲಿಸಬೇಕು. 1988ರಲ್ಲಿ ಅಮೆರಿಕದಲ್ಲಿ ಅಂಥ ಏರ್‌ಗನ್ನುಗಳಿಂದ ವಿಕಿರಣಶೀಲ ಕಣಗಳು ಸೋರಿದ್ದು ಪತ್ತೆಯಾಗಿ, ಅವನ್ನು ಬಳಕೆಯಿಂದ ಹಿಂತೆಗೆಯಬೇಕಾಯಿತು.

ಕಾಣದ ಕಿಡಿ

ಗುಳ್ಳೆಯಾದರೆ ಉಜ್ಜಿ ಪಾಲಿಶ್ ಮಾಡಬಹುದು; ಕಿಡಿಯ ವಿಷಯ ಹಾಗಲ್ಲ. ಥಿನ್ನರಿನಲ್ಲಿರುವ ಟಾಲ್ವೀನಿನ ಆವಿ ಗಾಳಿಯಲ್ಲಿ ತಕ್ಕ ಪ್ರಮಾಣದಲ್ಲಿ ಬೆರೆತಿದ್ದರೆ ಹೊತ್ತಿಕೊಳ್ಳಲು ಸುಮಾರು 0.24 ಮಿಲಿಜೂಲ್ ಸಾಕು. ಮನುಷ್ಯನ ಬೆರಳಿಗೆ ಶಾಕ್ ಅರಿವಾಗುವುದು ಸುಮಾರು 3,000 ವೋಲ್ಟಿನಲ್ಲಿ. ಅಷ್ಟರಲ್ಲಿ ದೇಹದಲ್ಲಿ 0.4ಕ್ಕೂ ಹೆಚ್ಚು ಮಿಲಿಜೂಲ್ ಸೇರಿರಬಹುದು. ಎಂದರೆ, ಕೈಗೆ ಅರಿವಾಗದ ಕಿಡಿಯೂ ಬೆಂಕಿ ಹಚ್ಚಬಲ್ಲದು. ವಾಹಕ ಅಟ್ಟೆಯ ಬೂಟು, ಕಾರ್ಬನ್ ಎಳೆ ನೇಯ್ದ ಉಡುಪು ಬಂದದ್ದು ಇದಕ್ಕಾಗಿಯೇ. ಭೂಸಂಪರ್ಕದ ರೋಧ 1 ಮೆಗಾಓಮ್ ಮೀರಬಾರದೆಂಬುದು ಅಮೆರಿಕದ ಅಗ್ನಿಸುರಕ್ಷತಾ ನಿಯಮ. ಈ ದಾರಿ ಕಡಿಯಲು ದೊಡ್ಡ ಕಾರಣವೇನೂ ಬೇಡ. ಬಿಡಿಭಾಗ ನೇತುಹಾಕುವ ಕೊಕ್ಕೆಯ ಮೇಲೆ ಹಳೆಯ ಬಣ್ಣ ಪದರಗಟ್ಟಿದರೆ ಸಾಕು, ಲೋಹ ಲೋಹಕ್ಕೆ ತಾಗುವುದೇ ಇಲ್ಲ. ಕೊಕ್ಕೆ ಕೆರೆದು ಶುಚಿ ಮಾಡುವುದೂ ಸುರಕ್ಷತೆಯ ಕೆಲಸವೇ.

ನಮ್ಮ ಗ್ಯಾರೇಜುಗಳಿಗೆ

ರೋಬೋಟು, ಗರಿಯ ರೋಲರು ದೊಡ್ಡ ಕಾರ್ಖಾನೆಗಳ ಮಾತು. ನಮ್ಮ ಊರುಗಳ ಡೆಂಟಿಂಗ್–ಪೇಂಟಿಂಗ್ ಶೆಡ್ಡುಗಳಲ್ಲಿ ಕೆಲಸ ನಡೆಯುವುದು ಗನ್ನು, ಕಂಪ್ರೆಸರಿನ ಬಲದಲ್ಲಿ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯ ಒಣಹವೆಯಲ್ಲಿ ಆವೇಶ ಬೇಗ ಇಳಿಯುವುದಿಲ್ಲ. ಟೈರಿನ ಮೇಲೆ ನಿಂತ ಗಾಡಿಗೆ ನೆಲದ ಸಂಪರ್ಕವನ್ನು ನೆಚ್ಚುವಂತಿಲ್ಲ. ಬಾಡಿಯ ಬಣ್ಣವಿಲ್ಲದ ಜಾಗಕ್ಕೆ ಕ್ಲಿಪ್ ಹಾಕಿ ಅರ್ಥಿಂಗ್ ಸರಳಿಗೆ ತಂತಿ ಎಳೆಯುವುದು, ಬಣ್ಣ ಹೊಡೆಯುವ ಮೊದಲು ನೆಲಕ್ಕೆ ನೀರು ಹಾಕುವುದು, ನೈಲಾನ್ ಬಿಟ್ಟು ಹತ್ತಿಬಟ್ಟೆ ಉಡುವುದು, ಪ್ಲಾಸ್ಟಿಕ್ಕನ್ನು ತಿಕ್ಕದೆ ಹಗುರವಾಗಿ ಒರೆಸುವುದು, ಆವಿ ನಿಲ್ಲದಂತೆ ಗಾಳಿಯಾಡಿಸುವುದು: ಇವಕ್ಕೆ ತಗಲುವ ಖರ್ಚು ಒಂದು ಬಂಪರಿಗೆ ಎರಡನೇ ಸಲ ಬಣ್ಣ ಹೊಡೆಯುವ ಖರ್ಚಿಗಿಂತ ಹೆಚ್ಚಾಗದು. ಕಸುಬು ಕಲಿಯಲು ಬರುವ ಹುಡುಗರಿಗೆ ಪುಟ್ಟಿ ಹಚ್ಚುವುದಕ್ಕೂ ಮೊದಲು ಈ ತಂತಿ ಕಟ್ಟುವುದನ್ನು ಕಲಿಸಬೇಕು.