ಬೋನುಬೇಟೆಯ ಕಾನೂನು ಮತ್ತು ಶಾಸನಸಭೆಗಳ ಹೊಣೆ: ಅಮೆರಿಕದ ರಾಜ್ಯಗಳ ಅನುಭವ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಾಡುಪ್ರಾಣಿಗಳನ್ನು ಬೋನು, ಉರುಳು ಒಡ್ಡಿ ಹಿಡಿಯುವುದನ್ನು ನಿಯಂತ್ರಿಸುವ ಅಧಿಕಾರ ಮುಖ್ಯವಾಗಿ ರಾಜ್ಯಗಳ ಕೈಯಲ್ಲಿದೆ. ಯಾವ ಪ್ರಾಣಿಯನ್ನು ಹಿಡಿಯಬಹುದು, ಯಾವ ತಿಂಗಳಲ್ಲಿ, ಯಾವ ಸಾಧನದಿಂದ, ಒಡ್ಡಿದ ಬೋನನ್ನು ಎಷ್ಟು ಹೊತ್ತಿಗೊಮ್ಮೆ ಹೋಗಿ ನೋಡಬೇಕು ಎಂಬ ಪ್ರಶ್ನೆಗಳಿಗೆ ಒಂದೊಂದು ರಾಜ್ಯದ ಉತ್ತರ ಒಂದೊಂದು ಬಗೆಯದು. ಬೋನು ತನ್ನನ್ನು ಒಡ್ಡಿದವನು ಸ್ಥಳದಲ್ಲಿಲ್ಲದಾಗಲೇ ಕೆಲಸ ಮಾಡುವ ಸಾಧನ. ಕೋವಿ ಹಿಡಿದವನು ಗುರಿಯಿಡುವ ಮುನ್ನ ಪ್ರಾಣಿಯನ್ನು ಗುರುತಿಸಬಲ್ಲ. ಬೋನಿಗೆ ಆ ವಿವೇಚನೆಯಿಲ್ಲ. ಹಾಗಾಗಿ ಬೇಟೆಗಾರನ ಕಣ್ಣು ಮಾಡಬೇಕಾದ ಕೆಲಸವನ್ನು ಇಲ್ಲಿ ಕಾನೂನು ಮುಂಚಿತವಾಗಿಯೇ ಮಾಡಿರಬೇಕಾಗುತ್ತದೆ. ಆ ಕಾನೂನನ್ನು ಬರೆಯುವ ಹೊಣೆ ರಾಜ್ಯ ಶಾಸನಸಭೆಗಳದೇ ಎಂಬುದು ಈ ಲೇಖನದ ಪ್ರತಿಪಾದನೆ.

ಅಧಿಕಾರದ ಹಿನ್ನೆಲೆ

1896ರ ಗೀರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ವನ್ಯಜೀವಿಗಳು ರಾಜ್ಯದ ಜನರ ಸಾಮೂಹಿಕ ಸ್ವತ್ತು ಎಂಬ ನಿಲುವು ತಳೆಯಿತು. 1979ರ ಹ್ಯೂಸ್ ಪ್ರಕರಣದಲ್ಲಿ ಈ ಒಡೆತನದ ವಾದ ಬಿದ್ದುಹೋದರೂ ಬೇಟೆಯ ನಿಯಂತ್ರಣ ರಾಜ್ಯಗಳಲ್ಲೇ ಉಳಿಯಿತು. ಹೆಚ್ಚಿನ ರಾಜ್ಯಗಳಲ್ಲಿ ಶಾಸನಸಭೆ ಸ್ಥೂಲ ಚೌಕಟ್ಟನ್ನು ಹಾಕಿ, ಋತು, ಮಿತಿ, ಸಾಧನಗಳ ವಿವರವನ್ನು ವನ್ಯಜೀವಿ ಆಯೋಗಕ್ಕೆ ಒಪ್ಪಿಸಿದೆ. ಪ್ರಾಣಿಹಿಂಸೆ ತಡೆಯುವ ರಾಜ್ಯ ಕಾಯ್ದೆಗಳು ಅನೇಕ ಕಡೆ ಪರವಾನಗಿ ಪಡೆದ ಬೋನುಬೇಟೆಯನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ಪರಿಣಾಮವಾಗಿ, ಸಾಕುಪ್ರಾಣಿಯ ವಿಷಯದಲ್ಲಿ ಅಪರಾಧವಾಗುವ ಯಾತನೆಯೇ ಕಾಡುಪ್ರಾಣಿಯ ವಿಷಯದಲ್ಲಿ ಸಕ್ರಮವಾಗುತ್ತದೆ.

ಭಾರತದ ವ್ಯವಸ್ಥೆ ಇದಕ್ಕಿಂತ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಾನು ನಿಷೇಧಿಸುವ ‘ಬೇಟೆ’ ಎಂಬುದರ ವ್ಯಾಖ್ಯೆಯೊಳಗೇ ಬೋನು, ಉರುಳುಗಳನ್ನು ಸೇರಿಸಿದೆ. 1976ರ 42ನೆಯ ತಿದ್ದುಪಡಿ ವನ್ಯಪ್ರಾಣಿ ಸಂರಕ್ಷಣೆಯನ್ನು ಸಮವರ್ತಿ ಪಟ್ಟಿಗೆ ತಂದಿತು. ಅಮೆರಿಕದಲ್ಲಿ ಇಂಥ ದೇಶವ್ಯಾಪಿ ನಿಷೇಧವಿಲ್ಲದ ಕಾರಣ ಸುಧಾರಣೆಯ ಪ್ರಯತ್ನ ರಾಜ್ಯದಿಂದ ರಾಜ್ಯಕ್ಕೆ ನಡೆಯಬೇಕಾಗಿದೆ.

ಸಾಧನಗಳು

ಬಳಕೆಯಲ್ಲಿರುವ ಸಾಧನಗಳಲ್ಲಿ ಮೂರು ಮುಖ್ಯ. ಮೊದಲನೆಯದು ಕಾಲು ಹಿಡಿಯುವ ಉಕ್ಕಿನ ಬೋನು. ನಡುವಿನ ತಟ್ಟೆಯ ಮೇಲೆ ಪ್ರಾಣಿ ಕಾಲಿಟ್ಟೊಡನೆ ಸ್ಪ್ರಿಂಗ್ ಬಲದಿಂದ ಎರಡು ದವಡೆಗಳು ಮುಚ್ಚಿಕೊಳ್ಳುತ್ತವೆ. ಪ್ರಾಣಿ ಸಾಯದೆ, ಬಿಡಿಸಿಕೊಳ್ಳಲು ಹೆಣಗುತ್ತಾ ಉಳಿಯುತ್ತದೆ. ಊತ, ಹಲ್ಲು ಮುರಿತ, ನಿರ್ಜಲೀಕರಣ ಈ ಹೆಣಗಾಟದ ಫಲ. ಎರಡನೆಯದು ಕೆನಡಾದ ಫ್ರಾಂಕ್ ಕಾನಿಬೇರ್ ರೂಪಿಸಿದ, ದೇಹವನ್ನೇ ಅಮುಕಿ ಕೊಲ್ಲುವ ಬೋನು. ಪ್ರಾಣಿಯ ಕತ್ತು ಸರಿಯಾದ ಜಾಗದಲ್ಲಿ ಸಿಕ್ಕರೆ ಸಾವು ಬೇಗ ಬರುತ್ತದೆ. ಗಾತ್ರ ಬೇರೆಯಿರುವ ಪ್ರಾಣಿ ಬೇರೆ ಕೋನದಿಂದ ನುಗ್ಗಿದರೆ ಆ ಲೆಕ್ಕ ತಪ್ಪುತ್ತದೆ. ಮೂರನೆಯದು ತಂತಿಯ ಉರುಳು. ಅಗ್ಗ, ಹಗುರ, ಕಣ್ಣಿಗೆ ಬೀಳದಂಥದು. ಕತ್ತಿಗೆ ಬಿದ್ದರೆ ಎಳೆದಷ್ಟೂ ಬಿಗಿಯುತ್ತದೆ.

ಈ ಮೂರೂ ಗುರಿಯಲ್ಲದ ಪ್ರಾಣಿಗಳನ್ನೂ ಹಿಡಿಯುತ್ತವೆ. ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕಿಗೆಂದು ಒಡ್ಡಿದ ಬೋನಿಗೆ ಅದರ ಹತ್ತಿರದ ಬಂಧುವಾದ, 2000ದಿಂದ ಒಕ್ಕೂಟದ ರಕ್ಷಣೆ ಪಡೆದಿರುವ ಕೆನಡಾ ಲಿಂಕ್ಸ್ ಬೀಳುವುದು ಇದಕ್ಕೆ ಸ್ಪಷ್ಟ ನಿದರ್ಶನ. ಅಳಿವಿನಂಚಿನ ಪ್ರಭೇದಗಳ ಕಾಯ್ದೆಯಡಿ 2008ರಲ್ಲಿ ಒಕ್ಕೂಟ ನ್ಯಾಯಾಲಯವೊಂದು, ಲಿಂಕ್ಸ್ ಸಿಕ್ಕಿಬೀಳುವಂಥ ಬೋನುಬೇಟೆಗೆ ಪರವಾನಗಿ ಕೊಡುವ ಮೂಲಕ ಮಿನ್ನೆಸೋಟ ರಾಜ್ಯವೇ ಕಾಯ್ದೆಯನ್ನು ಉಲ್ಲಂಘಿಸಿದೆ ಎಂದು ತೀರ್ಮಾನಿಸಿತು. 2024ರಲ್ಲಿ ಐಡಾಹೊ ರಾಜ್ಯದಲ್ಲೂ, ಗ್ರಿಜ್ಲಿ ಕರಡಿಗಳು ಗುಹೆಯ ಹೊರಗಿರುವ ಕಾಲದಲ್ಲಿ ಅವುಗಳ ನೆಲೆಯಲ್ಲಿ ತೋಳದ ಬೋನು ಒಡ್ಡದಂತೆ ನ್ಯಾಯಾಲಯ ತಡೆ ಹಾಕಿತು. ಶಾಸನ ಮಾಡದೆ ಬಿಟ್ಟ ಕೆಲಸ ಹೀಗೆ ಮೊಕದ್ದಮೆಗಳ ಪಾಲಾಗುತ್ತದೆ. ಆದರೆ ನ್ಯಾಯಾಲಯದ ಈ ರಕ್ಷಣೆ ಆ ಕಾಯ್ದೆಯ ಪಟ್ಟಿಯಲ್ಲಿರುವ ಪ್ರಭೇದಗಳಿಗಷ್ಟೇ ಸಲ್ಲುತ್ತದೆ. ನರಿ, ಕಯೋಟಿ, ಬೀವರ್‌ಗಳಿಗೆ ಅದು ತಲುಪದು.

ಮತದಾರರ ಪ್ರಸ್ತಾವಗಳ ದಾರಿ

1990ರ ದಶಕದಲ್ಲಿ ಸುಧಾರಣೆ ಮುಖ್ಯವಾಗಿ ಮತಪೆಟ್ಟಿಗೆಯ ಮೂಲಕ ಬಂತು. 1994ರಲ್ಲಿ ಅರಿಜೋನಾದ ಮತದಾರರು ಸಾರ್ವಜನಿಕ ಭೂಮಿಯಲ್ಲಿ ಕಾಲುಬೋನು, ಉರುಳುಗಳನ್ನು ನಿಷೇಧಿಸಿದರು. 1996ರಲ್ಲಿ ಕೊಲರಾಡೊ ತನ್ನ ಸಂವಿಧಾನಕ್ಕೇ ತಿದ್ದುಪಡಿ ತಂದಿತು. ಅದೇ ವರ್ಷ ಮ್ಯಾಸಚೂಸೆಟ್ಸ್, 1998ರಲ್ಲಿ ಕ್ಯಾಲಿಫೋರ್ನಿಯಾ, 2000ದಲ್ಲಿ ವಾಷಿಂಗ್ಟನ್ ರಾಜ್ಯಗಳು ಇದೇ ಹಾದಿ ಹಿಡಿದವು. ನಗರವಾಸಿಗಳ ಒಲವು ಎಲ್ಲಿಗೆ ವಾಲಿದೆ ಎಂಬುದನ್ನು ಈ ಫಲಿತಾಂಶಗಳು ತೋರಿಸಿದವು.

ಈ ದಾರಿಯ ಮಿತಿಗಳೂ ಬೇಗನೆ ಗೋಚರವಾದವು. ಮತದಾರರು ‘ಹೌದು’ ಅಥವಾ ‘ಇಲ್ಲ’ ಎನ್ನಬಲ್ಲರೇ ಹೊರತು ವಾಕ್ಯವನ್ನು ತಿದ್ದಲಾರರು. ಮ್ಯಾಸಚೂಸೆಟ್ಸ್‌ನಲ್ಲಿ ಬೀವರ್‌ಗಳು ಕಟ್ಟಿದ ಒಡ್ಡುಗಳಿಂದ ರಸ್ತೆ, ಬಾವಿ, ಶೌಚಗುಂಡಿಗಳಿಗೆ ನೀರು ನುಗ್ಗಿದ ದೂರುಗಳು ಹೆಚ್ಚಿದಾಗ ಶಾಸನಸಭೆ 2000ದಲ್ಲಿ ಕಾನೂನನ್ನು ತಿದ್ದಿ, ಸ್ಥಳೀಯ ಆರೋಗ್ಯ ಮಂಡಳಿಗಳು ತುರ್ತು ಪರವಾನಗಿ ಕೊಡುವ ಏರ್ಪಾಡು ಮಾಡಬೇಕಾಯಿತು. ಕ್ಯಾಲಿಫೋರ್ನಿಯಾದ ನಿಷೇಧ ಅಪಾಯದಲ್ಲಿದ್ದ ಹಕ್ಕಿಗಳ ಗೂಡುಗಳಿಗೆ ನರಿಗಳಿಂದ ರಕ್ಷಣೆ ಕೊಡುತ್ತಿದ್ದ ಒಕ್ಕೂಟ ಅಧಿಕಾರಿಗಳ ಕೈಯನ್ನೂ ಕಟ್ಟಿತ್ತು. 2002ರಲ್ಲಿ ಒಂಬತ್ತನೆಯ ವಲಯದ ಒಕ್ಕೂಟ ಮೇಲ್ಮನವಿ ನ್ಯಾಯಾಲಯ, ಅಷ್ಟರ ಮಟ್ಟಿಗೆ ಅದು ಒಕ್ಕೂಟ ಕಾಯ್ದೆಗಳ ಮುಂದೆ ನಿಲ್ಲದು ಎಂದಿತು. 2016ರಲ್ಲಿ ಮೊಂಟಾನಾದಲ್ಲಿ ಸಾರ್ವಜನಿಕ ಭೂಮಿಯ ಬೋನುಬೇಟೆ ನಿಷೇಧಿಸುವ ಪ್ರಸ್ತಾವ ಸೋತಿತು. ಗ್ರಾಮೀಣ ಜನರನ್ನು ಮಾತುಕತೆಗೆ ಕರೆಯದ ಸುಧಾರಣೆ ಅಂಥ ರಾಜ್ಯಗಳಲ್ಲಿ ಗೆಲ್ಲುವುದು ಕಷ್ಟ.

ಶಾಸನಸಭೆಗಳ ದಾರಿ

ಶಾಸನಸಭೆಗೆ ಸಾಕ್ಷ್ಯ ಕೇಳುವ, ವ್ಯಾಖ್ಯೆ ತಿದ್ದುವ, ವಿನಾಯಿತಿಗಳನ್ನು ಅಳೆದು ಬರೆಯುವ ಅವಕಾಶವಿದೆ. ನ್ಯೂಜೆರ್ಸಿ 1984ರಲ್ಲೇ ಉಕ್ಕಿನ ದವಡೆಯ ಕಾಲುಬೋನಿನ ಬಳಕೆಯ ಜೊತೆಗೆ ತಯಾರಿಕೆ, ಮಾರಾಟ, ಇಟ್ಟುಕೊಳ್ಳುವಿಕೆಗಳನ್ನೂ ನಿಷೇಧಿಸಿತು. 2019ರಲ್ಲಿ ಕ್ಯಾಲಿಫೋರ್ನಿಯಾ ಶಾಸನಸಭೆ ತುಪ್ಪಳಕ್ಕಾಗಿ ನಡೆಯುವ ಬೋನುಬೇಟೆಯನ್ನು ಸಂಪೂರ್ಣ ನಿಲ್ಲಿಸಿ, ಹಾಗೆ ಮಾಡಿದ ಮೊದಲ ರಾಜ್ಯವೆನಿಸಿತು. ಪರವಾನಗಿ ಶುಲ್ಕದಿಂದ ಬರುವ ಹಣ ಮೇಲ್ವಿಚಾರಣೆಯ ಖರ್ಚಿಗೂ ಸಾಲದು ಎಂಬ ಆರ್ಥಿಕ ವಾದ ಅಲ್ಲಿ ನೈತಿಕ ವಾದದಷ್ಟೇ ಬಲವಾಗಿತ್ತು. ವರ್ಮಾಂಟ್ 2022ರಲ್ಲಿ ಬೋನುಬೇಟೆಯ ಉತ್ತಮ ಪದ್ಧತಿಗಳನ್ನು ಕಡ್ಡಾಯಗೊಳಿಸುವತ್ತ ಹೆಜ್ಜೆಯಿಟ್ಟಿತು.

ನ್ಯೂಮೆಕ್ಸಿಕೊ ರಾಜ್ಯದ 2021ರ ಕಾಯ್ದೆ ವಿಶೇಷ ಗಮನಕ್ಕೆ ಅರ್ಹ. 2018ರಲ್ಲಿ ಸಾರ್ವಜನಿಕ ಭೂಮಿಯಲ್ಲಿ ಒಡೆಯನೊಂದಿಗೆ ಅಡ್ಡಾಡುತ್ತಿದ್ದ ರಾಕ್ಸಿ ಎಂಬ ನಾಯಿ ಉರುಳಿಗೆ ಸಿಕ್ಕಿ ಸತ್ತಿತು. ಕಾಯ್ದೆಗೆ ಅದರ ಹೆಸರೇ ರೂಢಿಯಾಗಿದೆ. ಕೆಳಮನೆಯಲ್ಲಿ 35–34 ಮತಗಳಿಂದ ಅಂಗೀಕಾರವಾಗಿ 2022ರ ಏಪ್ರಿಲ್ 1ರಂದು ಜಾರಿಗೆ ಬಂದ ಈ ಕಾಯ್ದೆ ಸಾರ್ವಜನಿಕ ಭೂಮಿಯಲ್ಲಿ ಬೋನು, ಉರುಳು, ವನ್ಯಜೀವಿಗಳಿಗೆ ಇಡುವ ವಿಷ, ಮೂರನ್ನೂ ನಿಷೇಧಿಸಿತು. ವೈಜ್ಞಾನಿಕ ಸಂಶೋಧನೆ, ಸಾರ್ವಜನಿಕ ಆರೋಗ್ಯ ಮತ್ತು ಸುರಕ್ಷತೆ, ಪರಿಸರ ನಿರ್ವಹಣೆ, ಮೂಲನಿವಾಸಿಗಳ ಧಾರ್ಮಿಕ ಆಚರಣೆ ಮುಂತಾದವಕ್ಕೆ ಅದು ವಿನಾಯಿತಿ ಕೊಡುತ್ತದೆ. ಖಾಸಗಿ ಜಮೀನನ್ನು ಅದು ಮುಟ್ಟಲಿಲ್ಲ. ಎಲ್ಲಿ ನಿಷೇಧ, ಯಾರಿಗೆ ವಿನಾಯಿತಿ ಎಂಬುದು ಪಠ್ಯದಲ್ಲೇ ಸ್ಪಷ್ಟವಾಗಿರುವುದು ಅದರ ಶಕ್ತಿ.

ಸುಧಾರಣೆಯ ಅಂಶಗಳು

ಸಂಪೂರ್ಣ ನಿಷೇಧಕ್ಕೆ ಬಹುಮತ ಸಿಗದ ರಾಜ್ಯಗಳಲ್ಲೂ ನಾಲ್ಕು ಅಂಶಗಳನ್ನು ಶಾಸನ ಕೈಗೆತ್ತಿಕೊಳ್ಳಬಹುದು. ಮೊದಲನೆಯದು ತಪಾಸಣೆಯ ಅವಧಿ. ಹಲವು ರಾಜ್ಯಗಳು ದಿನಕ್ಕೊಮ್ಮೆ ಬೋನು ನೋಡಬೇಕೆನ್ನುತ್ತವೆ. ನೆವಾಡಾದ ಬಹುಭಾಗದಲ್ಲಿ 96 ಗಂಟೆಗಳವರೆಗೆ ಬಿಡಬಹುದು. ಅಲಾಸ್ಕದಲ್ಲಿ ರಾಜ್ಯವ್ಯಾಪಿ ಕಡ್ಡಾಯ ಅವಧಿಯೇ ಇಲ್ಲ. ಜೀವಂತ ಹಿಡಿಯುವ ಬೋನಿನಲ್ಲಿ ಯಾತನೆಯ ಅಳತೆ ಕಾಲವೇ ಆದ್ದರಿಂದ 24 ಗಂಟೆಯ ಮಿತಿ ಅತ್ಯಂತ ಸರಳ, ಅತ್ಯಂತ ಫಲಕಾರಿ ತಿದ್ದುಪಡಿ. ತಪ್ಪಿ ಸಿಕ್ಕ ಪ್ರಾಣಿ ಬದುಕಿ ಹೊರಬರುವ ಸಾಧ್ಯತೆಯೂ ಇದರಿಂದ ಹೆಚ್ಚುತ್ತದೆ.

ಎರಡನೆಯದು ಸ್ಥಳ: ಕಾಲುದಾರಿ, ತಂಗುದಾಣ, ಮನೆಗಳಿಂದ ಕನಿಷ್ಠ ದೂರ ಮತ್ತು ಎಚ್ಚರಿಕೆಯ ಫಲಕ. ಮೂರನೆಯದು ವರದಿ: ಗುರಿಯ ಪ್ರಾಣಿಗಳ ಜೊತೆಗೆ ತಪ್ಪಿ ಸಿಕ್ಕ ಪ್ರತಿಯೊಂದರ ಕಡ್ಡಾಯ ದಾಖಲೆ. ಈ ದಾಖಲೆಯಿಲ್ಲದೆ ಆಯೋಗಗಳು ಹಾಕುವ ಮಿತಿಗಳಿಗೆ ಆಧಾರವೇ ಇರುವುದಿಲ್ಲ. ನಾಲ್ಕನೆಯದು ಸಾಧನದ ಗುಣಮಟ್ಟ. ಐರೋಪ್ಯ ಒಕ್ಕೂಟ 1991ರ ನಿಯಮದಿಂದ ಕಾಲುಬೋನನ್ನು ತನ್ನೊಳಗೆ ನಿಷೇಧಿಸಿ, ಅದನ್ನು ಬಳಸುವ ದೇಶಗಳ ತುಪ್ಪಳಕ್ಕೂ ತಡೆಯೊಡ್ಡಲು ಹೊರಟಾಗ, 1990ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ರಾಜ್ಯ ವನ್ಯಜೀವಿ ಸಂಸ್ಥೆಗಳು ಬೋನುಗಳನ್ನು ಪರೀಕ್ಷಿಸಿ ಉತ್ತಮ ಪದ್ಧತಿಗಳನ್ನು ರೂಪಿಸತೊಡಗಿದವು. ಬಹುತೇಕ ಕಡೆ ಅವು ಇಂದಿಗೂ ಸಲಹೆಗಳು ಮಾತ್ರ. ಅವುಗಳಿಗೆ ಕಾನೂನಿನ ಬಲ ಬರಬೇಕು.

ಇಂಥ ಸುಧಾರಣೆಗಳ ವಿರುದ್ಧದ ಆಕ್ಷೇಪಗಳಲ್ಲೂ ತಿರುಳಿದೆ. ಕುರಿ ಕಳೆದುಕೊಂಡ ರೈತನಿಗೂ, ನೀರು ನುಗ್ಗಿದ ಊರಿಗೂ ಪರಿಹಾರ ಬೇಕು; ಮೂಲನಿವಾಸಿಗಳ ಜೀವನಕ್ರಮಕ್ಕೆ ಮನ್ನಣೆ ಬೇಕು. ಬೀವರ್ ಒಡ್ಡಿನೊಳಗೆ ಕೊಳವೆ ಹಾಯಿಸಿ ನೀರಿನ ಮಟ್ಟ ತಗ್ಗಿಸುವುದು, ಕಾವಲು ನಾಯಿ, ರಾತ್ರಿ ದೊಡ್ಡಿಯಂಥ ಕ್ರಮಗಳಿಗೆ ರಾಜ್ಯ ಹಣ ಕೊಟ್ಟರೆ ಕೊಲ್ಲುವ ಪರವಾನಗಿ ಕೊನೆಯ ಉಪಾಯವಾಗಿ ಉಳಿಯುತ್ತದೆ. ಇವನ್ನೆಲ್ಲ ಒಂದೇ ಮಸೂದೆಯಲ್ಲಿ ತೂಗಿ ನೋಡಬಲ್ಲ ಸಂಸ್ಥೆ ಶಾಸನಸಭೆ. ತಪಾಸಣೆ, ಸ್ಥಳ, ವರದಿ, ಸಾಧನ ಈ ನಾಲ್ಕರ ಬಗ್ಗೆ ಮೌನವಾಗಿರುವ ಕಾನೂನು ಯಾತನೆಗೆ ಪರವಾನಗಿ ಕೊಟ್ಟಂತೆಯೇ. ಆ ಮೌನವನ್ನು ಮುಂದಿನ ಅಧಿವೇಶನಗಳಲ್ಲೇ ಮುರಿಯುವುದು ರಾಜ್ಯ ಶಾಸಕರ ಕರ್ತವ್ಯ.